ದರ್ಭೆಯ ಗುಣಶೀಲನ್

ಯಾಳಿನಿಯ ಅಪ್ಪ ಬದುಕಿದ್ದಾನೋ ಸತ್ತಿದ್ದಾನೋ ಎಂಬುದನ್ನು ಅವರ ದೇಶದ ಸರ್ಕಾರ ಹದಿನಾರು ವರ್ಷವಾದರೂ ಹೇಳಿರಲಿಲ್ಲ. ಎಷ್‌ಬಾರ್ನ್‌ನ ಪುರೋಹಿತ ಗಿರಿಧರ್ ಅವರಿಗೆ ಅದು ಮದುವೆಗೆ ಮುಂಚೆ ಗೊತ್ತಾಗಲೇಬೇಕಿತ್ತು.

ಗಿರಿಧರ್ ವಾರದ ದಿನಗಳಲ್ಲಿ ಐ.ಟಿ. ಕನ್ಸಲ್ಟೆಂಟ್, ಶನಿವಾರ, ಭಾನುವಾರ ಪುರೋಹಿತರು. ಫ್ರಾಂಕ್‌ಫರ್ಟಿನ ಸುತ್ತಮುತ್ತ ಕನ್ನಡಿಗರ ಮನೆಯಲ್ಲಿ ನಾಮಕರಣವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಬೆನ್ನಿಗೊಂದು ಬ್ಯಾಗು, ಕೈಗೊಂದು ಟ್ಯಾಬ್ಲೆಟ್ಟು ಹಿಡಿದು ಬರುತ್ತಿದ್ದರು. ಅಂದು ಡಾಕ್ಟರ್ ಜಗನ್ನಾಥರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ, ಅವರ ಮಗ ಮಾಧವನ ಮದುವೆಯ ವಿಧಿಗಳನ್ನು ಒಂದೊಂದಾಗಿ ವಿವರಿಸುತ್ತ, ನಾಂದಿಗೆ ಬಂದು ನಿಂತುಬಿಟ್ಟರು.

"ಹೆಣ್ಣಿನ ಕಡೆ ನಾಂದಿ ಹೇಗೆ ಮೇಡಂ? ಅಪ್ಪ ಇದ್ರೆ ಅವರೇ ಕೂರ್ಬೇಕು. ಹೋಗಿದ್ರೆ ಅವರ ಹೆಸರು ಪಿತೃಗಳ ಜೊತೆ ಹೇಳ್ಬೇಕು. ಇದೂ ಅಲ್ಲ, ಅದೂ ಅಲ್ಲ ಅಂದ್ರೆ ಸಿಸ್ಟಮ್ ತಗೊಳ್ಳಲ್ಲ."

"ಕಾಣೆಯಾಗಿದ್ದಾರೆ," ಎಂದರು ಮಾಧವನ ತಾಯಿ ವೇದಾ, ಲೋಟದ ಅಂಚು ಒರೆಸುತ್ತ. "ಶ್ರೀಲಂಕಾದಲ್ಲಿ ಯುದ್ಧ ಮುಗೀತಲ್ಲ, ಆಗಿನಿಂದ. ಸೈನ್ಯದವರು ಕರ್ಕೊಂಡು ಹೋದ್ರಂತೆ, ಅಷ್ಟೇ."

"ಎರಡು ಸಾವಿರದ ಒಂಬತ್ತು! ಹಾಗಾದ್ರೆ ತೊಂದರೆನೇ ಇಲ್ಲ." ಗಿರಿಧರ್ ಮುಖ ಅರಳಿತು. "ಹನ್ನೆರಡು ವರ್ಷ ಸುದ್ದಿ ಇಲ್ಲದವರಿಗೆ ಶಾಸ್ತ್ರದಲ್ಲೇ ದಾರಿ ಇದೆ. ಮುತ್ತುಗದ ಎಲೆಯಲ್ಲೋ ದರ್ಭೆಯಲ್ಲೋ ಒಂದು ಆಕೃತಿ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ದಹನ ಮಾಡಿಬಿಡೋದು. ಅಲ್ಲಿಗೆ ಅವರಿಗೂ ಮುಕ್ತಿ, ನಮಗೂ ಕ್ಲಿಯರ್."

ಮೂಲೆಯಲ್ಲಿ ಹುರುಳಿಕಾಯಿ ಸೋಸುತ್ತ ಕುಳಿತಿದ್ದ ಸುರಭಿಯ ಕೈ ಅಲ್ಲೇ ನಿಂತಿತು. ಸುರಭಿ ವೇದಾ ಅವರ ಅಕ್ಕನ ಮಗಳು. ಫ್ರಾಂಕ್‌ಫರ್ಟಿನಲ್ಲಿ ಮಾಸ್ಟರ್ಸ್ ಮುಗಿಸಿ, ಕೆಲಸ ಹುಡುಕುತ್ತ, ಚಿಕ್ಕಮ್ಮನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಬಾಯಿ ಕಡಿಮೆಯ ಹುಡುಗಿ. ಯಾರಾದರೂ ಏನಾದರೂ ಕೇಳಿದರೆ 'ಹೂಂ' ಎನ್ನುವುದು ಅವಳಿಗೆ ಉಸಿರಾಡುವಷ್ಟು ಸಲೀಸು. 'ಊಹೂಂ' ಎನ್ನಬೇಕಾದರೆ ಮೈಯೆಲ್ಲ ಬೆವರುತ್ತಿತ್ತು.

ವೇದಾ ಕೆಟ್ಟವರಲ್ಲ. ಮಗ ಲಂಕಾ ತಮಿಳರ ಹುಡುಗಿಯನ್ನು ಒಪ್ಪಿದ್ದೇನೆ ಎಂದಾಗ ಒಂದು ದಿನ ಮುಖ ಊದಿಸಿಕೊಂಡಿದ್ದು ನಿಜ. ಮರುದಿನವೇ ಯಾಳಿನಿಗೆ ಬಳೆ ತರಿಸಿದ್ದರು. ಆದರೆ ಮೈಸೂರಿನಲ್ಲಿ ಅವರ ಅತ್ತೆ ವೆಂಕಟಲಕ್ಷ್ಮಮ್ಮ ಇದ್ದರಲ್ಲ, ಅವರು ವಿಡಿಯೋ ಕಾಲಿನಲ್ಲಿ ಹಣೆ ಮಾತ್ರ ಕಾಣುವ ಹಾಗೆ ಫೋನ್ ಹಿಡಿದು ಒಂದೇ ಮಾತು ಹೇಳಿದ್ದರು: "ಜಾತಿ ಬಿಟ್ಟೆ, ಭಾಷೆ ಬಿಟ್ಟೆ. ಕ್ರಿಯೆ ಆಗದ ಹೆಣದ ಮನೆಯಿಂದ ಹೆಣ್ಣು ತರೋದಕ್ಕೆ ಮಾತ್ರ ನನ್ನ ಕೈಲಿ ಅಕ್ಷತೆ ಹಾಕಿಸಬೇಡ."

"ಅವರ ತಾಯಿ ಕುಂಕುಮ ಇಟ್ಕೋತಾರಲ್ಲ," ಎಂದಳು ಸುರಭಿ. ಮಾತು ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅದೇ ಮರೀ ಕಷ್ಟ," ಎಂದರು ವೇದಾ. "ಅವರಿಗೆ ಯಾರಾದ್ರೂ ನಿಧಾನಕ್ಕೆ ಹೇಳ್ಬೇಕು. ಯಾಳಿನಿ ಕೈಲಿ ಆಗಲ್ಲ, ಆ ಮಗು ಅಮ್ಮ ತಮಿಳಲ್ಲಿ ಕೇಳಿದ್ರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತೆ. ನಿಂಗೆ ಚೆನ್ನಾಗಿ ತಮಿಳು ಬರುತ್ತಲ್ಲ?"

ಹಲಸೂರಿನಲ್ಲಿ ಬೆಳೆದವಳಿಗೆ ತಮಿಳು ಬಾರದೆ ಇರುತ್ತದೆಯೆ? ಬೀದಿಯೆಲ್ಲ ತಮಿಳೇ. ಸುರಭಿ ಹೂಂ ಎಂದಳು.

ಯಾಳಿನಿಗೂ ಫೋನ್ ಮಾಡಿದರು. ಅವಳು ಆಸ್ಪತ್ರೆಯ ಡ್ಯೂಟಿಯ ನಡುವೆ ಇದ್ದಳು. "ಮಾಡಿಬಿಡಿ," ಎಂದಳು ಇಂಗ್ಲಿಷಿನಲ್ಲಿ, ದಣಿದ ದನಿಯಲ್ಲಿ. ಅಮ್ಮನನ್ನು ಅವಳು ಜರ್ಮನ್ ಮಕ್ಕಳಂತೆ 'ಮಾಮಾ' ಎನ್ನುತ್ತಿದ್ದಳು. "ನಂಗೆ ಏಳು ವರ್ಷ ಆಗ, ಏನೂ ನೆನಪಿಲ್ಲ. ಒಂದು ಸಲ ಮುಗಿದುಹೋಗ್ಲಿ. ಸುರಭಿ, ಮಾಮಾಗೆ ನೀನು ಹೇಳ್ತೀಯ ಅಲ್ವಾ? ಪ್ಲೀಸ್. ನಾನು ಹೇಳಿದ್ರೆ ಅವಳು ನನ್ನ ಮುಖ ನೋಡ್ತಾಳೆ. ನಂಗೆ ಆಗಲ್ಲ."

ಹೂಂ, ಎಂದಳು ಸುರಭಿ.

*

ಯಾಳಿನಿಯ ತಾಯಿ ತವಮಣಿ ಇದ್ದದ್ದು ಫ್ರಾಂಕ್‌ಫರ್ಟಿನ ಗ್ರೀಸ್‌ಹೈಮ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಅಂತಸ್ತಿನಲ್ಲಿ. ಏರ್‌ಪೋರ್ಟಿನಲ್ಲಿ ವಿಮಾನದ ಊಟದ ತಟ್ಟೆಗಳನ್ನು ಜೋಡಿಸುವ ಕೆಲಸ. ಶುಕ್ರವಾರ ಮಧ್ಯಾಹ್ನ ಪಾಳಿ ಮುಗಿಸಿ, ಮುರುಗನ ಗುಡಿಗೆ ಹೋಗಿ, ಗಂಡನ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸಿಕೊಂಡು ಬರುತ್ತಿದ್ದರು. ಬದುಕಿರುವವರಿಗೆ ಮಾಡಿಸುವ ಅರ್ಚನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಊರಿನ ತಮಿಳರೆಲ್ಲ ಒಂದು ಸಭಾಂಗಣದಲ್ಲಿ ಸೇರಿ, ಯುದ್ಧದಲ್ಲಿ ಸತ್ತವರಿಗೆ ದೀಪ ಹಚ್ಚಿ, ಆ ಕೊನೆಯ ದಿನಗಳಲ್ಲಿ ಕುಡಿದ ಉಪ್ಪಿಲ್ಲದ ಗಂಜಿಯನ್ನೇ ಹಂಚಿ ಕುಡಿಯುತ್ತಾರೆ. ತವಮಣಿ ಅಲ್ಲಿಗೆ ಒಮ್ಮೆಯೂ ಹೋದವರಲ್ಲ. ಅದು ಸತ್ತವರ ಗಂಜಿ. ಅವರ ಗಂಡ ಗುಣಶೀಲನ್ ಸತ್ತಿಲ್ಲ.

ಬಾಗಿಲು ತೆರೆದಾಗ ಹಣೆಯಲ್ಲಿ ಗುಡಿಯ ಕುಂಕುಮ ಇನ್ನೂ ಹಸಿಯಾಗಿತ್ತು, ನಾಲ್ಕಾಣೆ ಅಗಲ.

"ಬಾ ಪಿಳ್ಳೈ," ಎಂದರು. ಅವರ ಕಡೆ ಮಕ್ಕಳನ್ನು ಕರೆಯುವುದೇ ಹಾಗೆ. "ಏನೋ ಹೇಳೋಕೆ ಬಂದಿದ್ದೀಯ. ಬಾಗಿಲಲ್ಲೇ ಗೊತ್ತಾಯ್ತು. ಮೊದಲು ತಿನ್ನು."

ಪುಟ್ಟು, ತೆಂಗಿನ ಹಾಲಿನ ಸಾರು ಬಡಿಸಿದರು. ಸುರಭಿ ತಟ್ಟೆಯನ್ನೇ ನೋಡುತ್ತ, "ಯಾಳಿನಿ ಅಪ್ಪನ ವಿಷಯ ಆಂಟಿ," ಎಂದಳು.

ಅಷ್ಟು ಸಾಕಾಯಿತು. ಆ ಮಾತನ್ನು ತಾವಾಗಿ ಎತ್ತಿದವರೇ ಇಲ್ಲದೆ ಎಷ್ಟು ಕಾಲವಾಗಿತ್ತೋ, ತವಮಣಿ ಎದುರಿನ ಕುರ್ಚಿ ಎಳೆದುಕೊಂಡು ಕುಳಿತರು.

"ಅವರು ಪಂಪ್‌ಸೆಟ್ ಮೆಕ್ಯಾನಿಕ್ಕು. ಜಗಳಕ್ಕೆ ಹೋದ ಮನುಷ್ಯ ಅಲ್ಲ. ಕಿಳಿನೊಚ್ಚಿ ಪಟ್ಟಣ ಸೈನ್ಯದ ಕೈಗೆ ಬಿದ್ದ ಮೇಲೆ ನಾವೆಲ್ಲ ಪೂರ್ವಕ್ಕೆ ನಡೆದೆವು. ಒಂದೂರು ಬಿಟ್ಟು ಇನ್ನೊಂದೂರು, ಹಿಂದೆ ಸೈನ್ಯ, ತಲೆ ಮೇಲೆ ಷೆಲ್ಲು. ಕೊನೆಗೆ ಉಳಿದದ್ದು ಒಂದು ಚೂರು ಮರಳು. ಈ ಕಡೆ ಸಮುದ್ರ, ಆ ಕಡೆ ಹಿನ್ನೀರು. ಅದನ್ನೇ 'ಇಲ್ಲಿ ಗುಂಡು ಹಾರಿಸಲ್ಲ' ಅಂದಿದ್ರು, ಅಲ್ಲೇ ಹಾರಿಸಿದ್ರು. ಮರಳಲ್ಲಿ ಗುಂಡಿ ತೋಡಿ ಮಲಗ್ತಿದ್ವಿ. ಗುಂಡಿ ಸುತ್ತ ಇಡೋಕೆ ಚೀಲ ಬೇಕಲ್ಲ? ಎಲ್ಲ ಹೆಂಗಸರೂ ಸೀರೆ ಹರಿದು ಚೀಲ ಹೊಲಿದೆವು. ನನ್ನ ಮದುವೆ ಸೀರೆ ಕೆಂಪು ರೇಷ್ಮೆ ಪಿಳ್ಳೈ. ಅದರೊಳಗೆ ಮರಳು ತುಂಬಿ ತಲೆದೆಸೆಗೆ ಇಟ್ಟಿದ್ದೆ. ಷೆಲ್ಲಿನ ಚೂರು ಅದರಲ್ಲೇ ಸಿಕ್ಕಿಕೊಳ್ತು. ನನ್ನ ಮದುವೆ ಸೀರೆಯಿಂದ ಯಾಳಿನಿ ಉಳಿದಳು."

ಸುರಭಿ ಪುಟ್ಟಿನ ಚೂರನ್ನು ತಟ್ಟೆಯಲ್ಲೇ ಆಚೀಚೆ ಸರಿಸಿದಳು.

"ಆ ಕೊನೆ ತಿಂಗಳಲ್ಲಿ ಇಯಕ್ಕಂನವರು, ಹುಲಿಗಳಿಗೆ ನಾವು ಹಾಗೆ ಅಂತಿದ್ವಿ, ಇವರನ್ನ ಎಳ್ಕೊಂಡು ಹೋಗಿ ಜನರೇಟರ್ ರಿಪೇರಿ ಮಾಡಿಸಿದ್ರು. ಅಷ್ಟೇ ಇವರ ಯುದ್ಧ. ಎಲ್ಲ ಮುಗಿದು ಸೇತುವೆ ದಾಟಿ ಆ ಕಡೆ ಹೋಗ್ತಿದ್ವಿ, ಸಾವಿರಾರು ಜನ. ಮೈಕಿನಲ್ಲಿ ಒಬ್ಬ ಕೂಗ್ತಿದ್ದ: ಇಯಕ್ಕಂನಲ್ಲಿ ಒಂದೇ ಒಂದು ದಿನ ಇದ್ದವರೂ ಈ ಕಡೆ ಬನ್ನಿ, ಹೆಸರು ಬರೆಸಿ, ಸುಮ್ನೆ ಒಂದು ವಿಚಾರಣೆ, ಕಳಿಸಿಬಿಡ್ತೀವಿ. ನಮ್ಮವನೇ, ತಮಿಳನೇ. ಎಷ್ಟು ಮೆತ್ತಗೆ ಹೇಳ್ತಿದ್ದ ಗೊತ್ತಾ? 'ಅಣ್ಣಂದಿರೇ, ತಂಗಿಯರೇ' ಅಂತ. ತಿಂಗಳುಗಟ್ಟಲೆ ಷೆಲ್ ಸದ್ದು ಕೇಳಿದ ಕಿವಿಗೆ ಆ ಮೆತ್ತನೆ ಮಾತೇ ಸಾಕಾಯ್ತು."

ತವಮಣಿ ಸುರಭಿಯ ತಟ್ಟೆಗೆ ಇನ್ನಷ್ಟು ಸಾರು ಹಾಕಿದರು.

"ಇವರು, ಬೇಡ ತವಂ, ಸುಮ್ನೆ ಗುಂಪಲ್ಲಿ ನಡೀತಾ ಹೋಗೋಣ ಅಂದ್ರು. ನಾನೇ ಹೇಳಿದ್ದು. ಆಮೇಲೆ ಸಿಕ್ಕಿಬಿದ್ರೆ ಕಷ್ಟ, ಈಗಲೇ ಹೋಗಿ ಹೇಳಿಬಿಡಿ, ನಾನು ಆ ತಾಳೆ ಮರದ ಕೆಳಗೆ ಇರ್ತೀನಿ ಅಂತ. ಹೆಗಲ ಮೇಲಿದ್ದ ಮಗೂನ ಇಳಿಸಿ ನನ್ನ ಕೈಗೆ ಕೊಟ್ರು. ತಿರುಗಿ ನೋಡ್ತಾ ನಿಂತ್ರು. ಸಿಪಾಯಿಗೆ ತಮಿಳಲ್ಲಿ ಒಂದೇ ಮಾತು ಬರ್ತಿತ್ತು, 'ಮುಂದಕ್ಕೆ ಹೋಗು.' ಅದನ್ನೇ ಹೇಳಿದ. ಹೋದ್ರು. ಬಸ್ಸು ಹತ್ತೋದನ್ನ ಕಣ್ಣಾರೆ ಕಂಡೆ." ಅವರು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು. "ಈಗ ನೀನೇ ಹೇಳು. ಅವರು ಸತ್ತಿದ್ದಾರೆ ಅಂದ್ರೆ, ಕೊಂದವರು ಯಾರು?"

ಕಿಟಕಿಯಾಚೆ ರೈಲು ಹೋಯಿತು. ಮೇಜಿನ ಮೇಲಿನ ಲೋಟ ಸಣ್ಣಗೆ ಅದುರಿತು. ಈಗ ಹೇಳಬೇಕು, ಎಂದುಕೊಂಡಳು ಸುರಭಿ. ಹುಲ್ಲಿನಲ್ಲಿ ನಿಮ್ಮ ಗಂಡನನ್ನು ಮಾಡಿ ಸುಡುತ್ತಾರಂತೆ, ನಿಮ್ಮ ಮಗಳು ಒಪ್ಪಿದ್ದಾಳೆ. ವಾಕ್ಯ ತಮಿಳಿನಲ್ಲಿ ಸಿದ್ಧವಾಗಿಯೇ ಇತ್ತು. ಬಾಯಿಂದ ಹೊರಟದ್ದು ಬೇರೆ.

"ಅವರ ಹೆಸರಲ್ಲಿ ಒಂದು ಪೂಜೆ ಮಾಡ್ತಾರಂತೆ ಆಂಟಿ. ಮದುವೆಗೆ ಮುಂಚೆ. ನೀವೂ ಬರ್ಬೇಕಂತೆ."

ತವಮಣಿಯ ಮುಖ ಬೆಳಗಿದ್ದನ್ನು ನೋಡಲಾರದೆ ಅವಳು ಸಾರಿಗೆ ಪುಟ್ಟು ಕಲಸಿದಳು.

"ಅವರ ಹೆಸರಲ್ಲಾ? ನಿಮ್ಮ ಚಿಕ್ಕಮ್ಮನಾ? ನೋಡು, ನಾನೇ ತಪ್ಪು ತಿಳ್ಕೊಂಡಿದ್ದೆ. ದೊಡ್ಡ ಮನೆಯವರು, ಡಾಕ್ಟರು, ಇವರಿಗೆಲ್ಲಿ ನನ್ನ ಗಂಡ ಲೆಕ್ಕಕ್ಕೆ ಅಂತ. ನಕ್ಷತ್ರ ಬೇಕಲ್ಲ? ಅನುಷಂ, ಅನುರಾಧಾ ಅಂತೀರಲ್ಲ ನೀವು, ಅದು. ಹೇಳಿಬಿಡು. ನಾನೇನು ತರ್ಲಿ?"

"ಏನೂ ಬೇಡ ಆಂಟಿ."

"ಬರಿಗೈಲಿ ಬರೋಕಾಗುತ್ತಾ? ಒಂದು ಕಾಯಿಯಾದ್ರೂ ತರ್ತೀನಿ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಿಂತಿರುಗುವ ರೈಲಿನಲ್ಲಿ ಸುರಭಿ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು.

"ಹೇಳಿದ್ಯಾ?" ಎಂದರು ವೇದಾ, ಚಪ್ಪಲಿ ಬಿಡುವುದರೊಳಗೆ.

"ಹೂಂ."

"ಅತ್ತರಾ?"

"ಇಲ್ಲ."

"ಗಟ್ಟಿ ಹೆಂಗಸು, ಪಾಪ," ಎಂದು ವೇದಾ ನಿಜವಾಗಿಯೂ ಕಣ್ಣೊರೆಸಿಕೊಂಡರು. "ನೀನಾಗಿದ್ದಕ್ಕೆ ಆಯ್ತು ನೋಡು. ನಿನ್ನ ಬಾಯಲ್ಲಿ ಬಂದ್ರೆ ಯಾವ ಮಾತೂ ಚುಚ್ಚಲ್ಲ."

*

ಮನೆಯ ಹಿತ್ತಲಲ್ಲಿ ಬೆಂಕಿ ಹಾಕುವ ಹಾಗಿರಲಿಲ್ಲ; ಪಕ್ಕದ ಮನೆಯವರು ಹೊಗೆ ಕಂಡರೆ ನಗರಪಾಲಿಕೆಯ ಓರ್ಡ್‌ನುಂಗ್ಸ್‌ಆಮ್ಟ್ ಕಚೇರಿಗೆ ಫೋನ್ ಮಾಡುತ್ತಾರೆ. ಹಾಗಾಗಿ ಜಗನ್ನಾಥರು ಯೋಚಿಸಿ ನಿಡ್ಡಾ ನದಿಯ ದಂಡೆಯ ಗ್ರಿಲ್‌ಪ್ಲಾಟ್ಸ್ ಗೊತ್ತುಮಾಡಿದರು. ಬೇಸಿಗೆಯಲ್ಲಿ ಜನ ಮಾಂಸ ಸುಟ್ಟು ತಿನ್ನುವ ಜಾಗ. ಬೆಂಕಿಗೆ ಅನುಮತಿ ಇದ್ದೇ ಇದೆ, ಪಕ್ಕದಲ್ಲಿ ನೀರೂ ಇದೆ.

"ಗುರು, ಇದನ್ನ ಯಾರಾದ್ರೂ ಕೇಳಿದ್ರೆ ಏನಂತ ಹೇಳೋದು?" ಎಂದ ಮಾಧವನ ಗೆಳೆಯ ವಿನೀತ್, ಕಾರಿನಿಂದ ಇದ್ದಿಲಿನ ಮೂಟೆ ಇಳಿಸುತ್ತ. ಬೆಂಗಳೂರಿನಿಂದ ಬಂದು ಎರಡೇ ವರ್ಷವಾದ ಹುಡುಗ.

"ವೆಜಿಟೇರಿಯನ್ ಬಾರ್ಬೆಕ್ಯೂ ಅನ್ನು," ಎಂದ ಮಾಧವ್.

ವಿನೀತ್ ನಕ್ಕ. ಗಿರಿಧರ್ ಕೂಡ ನಕ್ಕರು. ಅವರು ಬಾಳೆ ಎಲೆಯ ಮೇಲೆ ದರ್ಭೆ ಹರಡಿ ಕಟ್ಟುತ್ತಿದ್ದರು: ಎರಡು ಕಾಲು, ಎರಡು ಕೈ, ಎದೆಗೊಂದು ದಪ್ಪ ಕಂತೆ. ಅದಕ್ಕೊಂದು ಬಿಳಿ ವಸ್ತ್ರ ಹೊದಿಸಿದ ಮೇಲೆ ಯಾರೂ ನಗಲಿಲ್ಲ. ಹುಲ್ಲು ಹೋಗಿ ಯಾರೋ ಮಲಗಿದ ಹಾಗಾಯಿತು.

"ಛೇ, ಕಾಯಿ!" ಎಂದರು ಗಿರಿಧರ್, ಬ್ಯಾಗಿನಿಂದ ತೆಗೆದು. ಏಷ್ಯನ್ ಅಂಗಡಿಯಲ್ಲಿ ಕೊಂಡದ್ದು ದಾರಿಯಲ್ಲೇ ಸೀಳಿ, ನೀರು ಸೋರಿ, ಕಮಟು ನಾತ ಹೊಡೆಯುತ್ತಿತ್ತು. "ತಲೆಗೆ ಒಡೆದ ಕಾಯಿ ಬರಲ್ಲ. ಭಾನುವಾರ ಬೇರೆ, ಅಂಗಡಿ ಎಲ್ಲ ಮುಚ್ಚಿದೆ."

ಆ ಹೊತ್ತಿಗೆ ತವಮಣಿಯನ್ನು ಕರೆತರಲು ಹೋಗಿದ್ದ ಸುರಭಿ ಎಸ್-ಬಾನ್ ರೈಲಿನಲ್ಲಿ ಅವರ ಪಕ್ಕ ಕುಳಿತಿದ್ದಳು. ತವಮಣಿ ಮಾವಿನಹಣ್ಣಿನ ಬಣ್ಣದ ರೇಷ್ಮೆ ಉಟ್ಟಿದ್ದರು. ಮುಡಿಯಲ್ಲಿ ಮಲ್ಲಿಗೆ. ಮಡಿಲಲ್ಲಿದ್ದ ಚೀಲದಲ್ಲಿ ಸಿಹಿ ಪೊಂಗಲಿನ ಡಬ್ಬಿ, ಕರ್ಪೂರ, ಜುಟ್ಟು ಬಿಟ್ಟು ನುಣ್ಣಗೆ ಸುಲಿದ ತೆಂಗಿನಕಾಯಿ. ಎದುರಿನ ಸೀಟಿನ ಜರ್ಮನ್ ಅಜ್ಜಿ "ಹಬ್ಬವೇ?" ಎಂದು ಕೇಳಿದಾಗ, "ನನ್ನ ಗಂಡನಿಗೆ," ಎಂದರು ತವಮಣಿ, ತಮ್ಮ ಮುರುಕು ಜರ್ಮನ್‌ನಲ್ಲಿ, ನಾಚಿ.

ಈ ಸ್ಟೇಷನ್ ದಾಟಲಿ, ಹೇಳುತ್ತೇನೆ, ಎಂದುಕೊಂಡಳು ಸುರಭಿ. ಸ್ಟೇಷನ್ ದಾಟಿತು. ಬಾಗಿಲು ಮುಚ್ಚಲಿ. ಮುಚ್ಚಿತು. ಇಳಿದ ಮೇಲೆ ದಾರಿಯಲ್ಲಿ ಹೇಳಿದರಾಯಿತು, ನಡೆಯುವಾಗ ಮುಖ ನೋಡಬೇಕಾಗಿಲ್ಲ. ನಡೆಯುವಾಗ ತವಮಣಿ ಅವಳ ಕೈ ಹಿಡಿದುಕೊಂಡರು. ಆ ಕೈ ಬೆಚ್ಚಗಿತ್ತು. ಆಗ ಹೇಳುವುದು ಇನ್ನೂ ಅಸಾಧ್ಯವಾಯಿತು. ದೂರದಲ್ಲಿ ಹೊಗೆ ಕಂಡಿತು.

"ಹೋಮವಾ?" ಎಂದರು ತವಮಣಿ ಸಂಭ್ರಮದಿಂದ.

ವೇದಾ ಎದುರು ಬಂದು ಅವರ ಎರಡೂ ಕೈ ಹಿಡಿದರು. ಇಬ್ಬರಿಗೂ ಸೇರಿ ಬರುವ ಭಾಷೆಯೆಂದರೆ ಜರ್ಮನ್ ಮಾತ್ರ. ಇಂಥ ಹೊತ್ತಿಗೆ ಅದು ಎಲ್ಲಿ ಸಾಲುತ್ತದೆ? ವೇದಾ ಏನೂ ಹೇಳದೆ ತಲೆ ಸವರಿದರು. ರೇಷ್ಮೆ ಸೀರೆ, ಮಲ್ಲಿಗೆ ಕಂಡು ಅವರ ಹುಬ್ಬು ಒಂದಿಷ್ಟು ಏರಿತು. ಕೊನೇ ಸಲ ಮುಡಿದುಕೊಂಡಿರಬಹುದು, ಪಾಪ, ಎಂದು ಅವರಾಗಿಯೇ ಸಮಾಧಾನ ಮಾಡಿಕೊಂಡರೋ ಏನೋ. ಅಷ್ಟರಲ್ಲಿ ಚೀಲದಿಂದ ಇಣುಕುತ್ತಿದ್ದ ಜುಟ್ಟು ಕಣ್ಣಿಗೆ ಬಿತ್ತು.

"ಗಿರಿಧರ್, ಕಾಯಿ ಸಿಕ್ತು! ಇವರೇ ತಂದಿದ್ದಾರೆ ನೋಡಿ, ಎಷ್ಟು ತಿಳಿವಳಿಕೆ."

ಕಾಯಿ ಕೈಯಿಂದ ಕೈಗೆ ಹೋಯಿತು. ತವಮಣಿ ನಗುತ್ತಲೇ ಕೊಟ್ಟರು. ಗಿರಿಧರ್ ಅದನ್ನು ನೀರಿನಲ್ಲಿ ತೊಳೆದು, ಒಯ್ದು, ಬಿಳಿ ವಸ್ತ್ರದ ಮೇಲ್ತುದಿಗೆ, ತಲೆ ಇರಬೇಕಾದಲ್ಲಿ, ಜುಟ್ಟು ಮೇಲಾಗಿ ಇಟ್ಟರು.

ತವಮಣಿಯ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಕಣ್ಣಿನಿಂದ ಹೋಯಿತು. ತುಟಿಯ ಮೇಲೆ ಹಾಗೇ ಉಳಿದಿತ್ತು.

ಗಿರಿಧರ್ ಟ್ಯಾಬ್ಲೆಟ್ ನೋಡುತ್ತ ಸಂಕಲ್ಪ ಶುರುಮಾಡಿದರು. ನದಿಯ ಹೆಸರು ಬಂತು, ದೇಶದ ಹೆಸರು ಬಂತು, ಕೊನೆಗೆ, "ಗುಣಶೀಲನ್ ನಾಮಧೇಯಸ್ಯ ಪ್ರೇತಸ್ಯ…"

ಪ್ರೇತ ಎಂಬುದಕ್ಕೆ ತಮಿಳಿನಲ್ಲೂ ಅದೇ ಮಾತು.

"ಇದು ಯಾರು, ಪಿಳ್ಳೈ?" ಎಂದರು ತವಮಣಿ. ದನಿ ಏರಿರಲಿಲ್ಲ.

ಸುರಭಿ ತನ್ನ ಶೂ ನೋಡಿಕೊಂಡಳು.

ಯಾಳಿನಿ ಹತ್ತಿರ ಬಂದಳು. ಅವಳ ಕೈಯಲ್ಲಿ ಉದ್ದ ಮೂತಿಯ ಲೈಟರ್ ಇತ್ತು. ಮಗನಿಲ್ಲದಿದ್ದರೆ ಮಗಳೇ ಮಾಡಲಿ, ಕಾಲ ಬದಲಾಗಿದೆ ಎಂದು ಜಗನ್ನಾಥರು ಬೆಳಗ್ಗೆಯಿಂದ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದರು. "ಮಾಮಾ," ಎಂದಳು ಯಾಳಿನಿ ಜರ್ಮನ್‌ನಲ್ಲಿ, "ಏನಾಯ್ತು? ಸುರಭಿ ನಿಂಗೆ ಹೇಳಿದ್ಲಲ್ಲ."

ಎಲ್ಲರೂ ಸುರಭಿಯ ಕಡೆ ತಿರುಗಿದರು. ವೇದಾ, ಜಗನ್ನಾಥ, ಮಾಧವ್, ಇದ್ದಿಲ ಮಸಿಯ ಕೈಯ ವಿನೀತ್, ಮಂತ್ರ ನಿಲ್ಲಿಸಿದ ಗಿರಿಧರ್. ಭೂಮಿ ಬಾಯಿಬಿಡಬಾರದೆ ಎನ್ನುತ್ತಾರಲ್ಲ, ಆ ಹುಲ್ಲು ಹಾಸಿನ ಮೇಲೆ ಹಾಗೆ ಬಾಯಿಬಿಡುವಂಥದ್ದು ಏನೂ ಇರಲಿಲ್ಲ. ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ತವಮಣಿ ಅವಳನ್ನೇ ನೋಡಿದರು, ಬಹಳ ಹೊತ್ತು.

"ಓಂ," ಎಂದರು. ಹೌದು ಎನ್ನುವುದಕ್ಕೆ ಅವರ ಕಡೆ ಓಂ ಎನ್ನುತ್ತಾರೆ. "ಹೇಳಿದ್ದಳು. ನಾನೇ ಮರೆತಿದ್ದೆ."

ಎಲ್ಲರೂ ಉಸಿರು ಬಿಟ್ಟರು. ಸುರಭಿಯ ಪಕ್ಕ ಹಾದು ಹೋಗುವಾಗ ತವಮಣಿ ಒಂದು ಗಳಿಗೆ ನಿಂತು, ಅವಳಿಗಷ್ಟೇ ಕೇಳುವಂತೆ ತಮಿಳಿನಲ್ಲಿ ಹೇಳಿದರು: "ನೀನೂ ಮೆತ್ತಗೇ ಹೇಳಿದೆ."

ಮುಂದೆ ಹೋಗಿ ಮಗಳ ಕೈಯಿಂದ ಲೈಟರ್ ತೆಗೆದುಕೊಂಡರು. "ನೀನು ಬೇಡ. ಕಳಿಸಿದವಳು ನಾನು. ನಾನೇ ಕಳಿಸ್ತೀನಿ."

"ಹೆಂಗಸರು, ಅದರಲ್ಲೂ ಹೆಂಡತಿ…" ಎಂದು ಗಿರಿಧರ್ ಟ್ಯಾಬ್ಲೆಟ್‌ನಲ್ಲಿ ಏನೋ ಹುಡುಕತೊಡಗಿದರು. ಜಗನ್ನಾಥರು ಕಣ್ಸನ್ನೆಯಲ್ಲೇ ಸುಮ್ಮನಿರಿಸಿದರು.

ಒಣ ದರ್ಭೆ ಒಂದೇ ಉಸಿರಿಗೆ ಹತ್ತಿಕೊಂಡಿತು. ಬಿಳಿ ವಸ್ತ್ರ ಸುರುಟಿತು. ಕೈಯೊಂದು ಬೆಂಕಿಯಲ್ಲಿ ಮೇಲೆದ್ದು ಮಡಿಸಿಕೊಂಡಿತು. ಹುಲ್ಲು ಸುಟ್ಟರೆ ಹಾಗಾಗುತ್ತದೆ, ಅಷ್ಟೇ. ಪಕ್ಕದ ಮೇಜಿನಲ್ಲಿ ಸಾಸೇಜು ಸುಡುತ್ತಿದ್ದ ದೊಡ್ಡ ಹೊಟ್ಟೆಯ ಮನುಷ್ಯನೊಬ್ಬ ಬಿಯರ್ ಬಾಟಲಿ ಎತ್ತಿ, "ಗುಟೆನ್ ಅಪೆಟೀಟ್!" ಎಂದು ಕೂಗಿದ, ಚೆನ್ನಾಗಿ ಉಣ್ಣಿ ಎಂದು ಹಾರೈಸುತ್ತ. ಸಭ್ಯ ಮನುಷ್ಯ. ಮಾಧವ್ ರೂಢಿಯಂತೆ "ಡಾಂಕೆ" ಎಂದು ಥ್ಯಾಂಕ್ಸ್ ಹೇಳಿಬಿಟ್ಟ. ಪಿಂಡ ಇಟ್ಟರೆ ಒಂದು ಕಾಗೆಯೂ ಬರಲಿಲ್ಲ. ನದಿಯಿಂದ ನಾಲ್ಕಾರು ಬಾತುಗಳು ಎದ್ದು ಓಲಾಡುತ್ತ ಬಂದು ಮೂಸಿ ನೋಡಿದವು. "ಇರ್ಲಿ ಬಿಡಿ, ಪಕ್ಷಿ ಪಕ್ಷಿನೇ," ಎಂದರು ಗಿರಿಧರ್.

ಇಡೀ ತೆಂಗಿನಕಾಯಿಯನ್ನು ಕೆಂಡದಲ್ಲಿಟ್ಟರೆ ಏನಾಗುತ್ತದೆ ಎಂಬುದು ಅಲ್ಲಿದ್ದ ಅಷ್ಟು ಮಂದಿ ಓದಿದವರಿಗೆ ಹೊಳೆದಿರಲಿಲ್ಲ.

ಢಂ ಎಂದಿತು.

ಬಾತುಗಳು ಚೀರಿ ನೀರಿಗೆ ಬಿದ್ದವು. ವೇದಾ ಕಿವಿ ಮುಚ್ಚಿಕೊಂಡರು, ವಿನೀತ್ "ಅಯ್ಯೋ ಮಗಾ!" ಎಂದು ಹಿಂದಕ್ಕೆ ಜಿಗಿದ. ಸುರಭಿ ತಿರುಗಿ ನೋಡುವಷ್ಟರಲ್ಲಿ ಇಬ್ಬರು ಅಲ್ಲಿ ನಿಂತಿರಲಿಲ್ಲ. ಏನೂ ನೆನಪಿಲ್ಲ ಎಂದಿದ್ದ ಯಾಳಿನಿ, ಎಲ್ಲರಿಗಿಂತ ಮೊದಲು, ಹುಲ್ಲಿನ ಮೇಲೆ ಅಂಗಾತ ಅಲ್ಲ, ಬೋರಲು, ಎರಡೂ ಕೈ ತಲೆಯ ಹಿಂದೆ ಕಟ್ಟಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಬಿದ್ದಿದ್ದಳು. ಯಾರೋ ಕಲಿಸಿದ ಹಾಗೆ, ಅಚ್ಚುಕಟ್ಟಾಗಿ. ಅವಳ ಮೇಲೆ ತವಮಣಿ. ಸೀರೆಯ ಸೆರಗನ್ನು ಮಗಳ ತಲೆಯ ಮೇಲೆ ಎಳೆದುಕೊಂಡು, ಮುಖವನ್ನು ಅವಳ ಹೆಗಲಿಗೆ ಒತ್ತಿ. ಮಾವಿನಹಣ್ಣಿನ ಬಣ್ಣದ ರೇಷ್ಮೆ, ಮರಳು ತುಂಬಿದ ಚೀಲದಂತೆ ಬಿಗಿದಿತ್ತು.

ಪಕ್ಕದ ಮೇಜಿನವರು ಎದ್ದು ನಿಂತರು. ಇಬ್ಬರೂ ಏಳಲಿಲ್ಲ, ಎರಡನೆಯದಕ್ಕೆ ಕಾಯುತ್ತಿದ್ದರು.

ಎರಡನೆಯದು ಬರಲಿಲ್ಲ. ತವಮಣಿ ಮೊದಲು ಎದ್ದರು. ಸೀರೆಗಂಟಿದ ಹುಲ್ಲು ಕೊಡವಿದರು, ಮಗಳನ್ನು ಎಬ್ಬಿಸಿದರು. ಯಾಳಿನಿಯ ಹಲ್ಲು ಕಟಕಟ ಎನ್ನುತ್ತಿತ್ತು. "ಅಮ್ಮಾ," ಎಂದಳು ಅವಳು, ತಮಿಳಿನಲ್ಲಿ. "ಅಪ್ಪ ಎಲ್ಲಿ?"

ಅವಳ ಬಿಳಿ ಅಂಗಿಯ ಹೆಗಲ ಮೇಲೆ ಕುಂಕುಮ ಅಗಲವಾಗಿ ಮೆತ್ತಿಕೊಂಡಿತ್ತು. ತವಮಣಿಯ ಹಣೆ ಬರಿದಾಗಿತ್ತು.

ವೇದಾ ಅದನ್ನು ನೋಡಿ ಗಿರಿಧರ್ ಕಡೆ ಬಾಗಿ ಪಿಸುಗುಟ್ಟಿದರು. "ಅದೊಂದು ಹೇಗಪ್ಪಾ ಹೇಳೋದು ಅಂತಿದ್ದೆ. ತಾನಾಗೇ ಹೋಯ್ತು, ಪುಣ್ಯ."

ಪಿಸುಮಾತು ಸುರಭಿಗೆ ಕೇಳಿಸಿತು. ಅವಳು ಬಾಗಿ, ಚೆಲ್ಲಿದ್ದ ದರ್ಭೆಯ ಎಳೆಗಳನ್ನು ಆಯತೊಡಗಿದಳು.

*

ಮದುವೆ ಚೆನ್ನಾಗಿ ಆಯಿತು. ವೆಂಕಟಲಕ್ಷ್ಮಮ್ಮ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ನಾಂದಿಯಲ್ಲಿ ಗುಣಶೀಲನ್ ಹೆಸರು ಅವರ ಅಪ್ಪ, ಅಜ್ಜನ ಹೆಸರಿನ ಜೊತೆ ಎಲ್ಲೂ ತಡವರಿಸದೆ ಬಂತು. ಇನ್ನು ಧಾರೆ ಯಾರು ಎರೆಯಬೇಕು ಎಂಬ ಮಾತು ಬಂದಾಗ, "ಅಮ್ಮನೇ ಎರೀಲಿ, ನಮ್ಮಲ್ಲಿ ಅದೆಲ್ಲ ಏನಿಲ್ಲ," ಎಂದರು ಜಗನ್ನಾಥರು. ತಾಯಿ ವೆಂಕಟಲಕ್ಷ್ಮಮ್ಮ ಮಗನನ್ನು ನೋಡಿದರು. ಜಗನ್ನಾಥರು ಕನ್ನಡಕ ಒರೆಸಿಕೊಂಡರು. ಡ್ಯೂಸೆಲ್ಡಾರ್ಫಿನಿಂದ ಬಂದಿದ್ದ ಕುಟುಂಬದ ಸ್ನೇಹಿತರು ಸುಹಾಸ್, ಶ್ರೀಲಕ್ಷ್ಮಿ ದಂಪತಿ ಹಸೆಯ ಮೇಲೆ ಕುಳಿತು, ಆ ಮೊದಲು ಎರಡೇ ಸಲ ಕಂಡಿದ್ದ ಯಾಳಿನಿಯನ್ನು ಧಾರೆಯೆರೆದು ಕೊಟ್ಟರು. ಗಂಡನನ್ನು ಸುಟ್ಟು ಹಾದಿ ಚೊಕ್ಕಟ ಮಾಡಿಕೊಟ್ಟವರಿಗೆ ಹಾದಿಯ ಮೇಲೆ ಕಾಲಿಡುವ ಹಾಗಿರಲಿಲ್ಲ.

ತವಮಣಿ ಹಿಂದಿನಿಂದ ಎರಡನೇ ಸಾಲಿನ ತುದಿಯಲ್ಲಿ, ತಿಳಿ ಬೂದು ಸೀರೆಯಲ್ಲಿ ಕುಳಿತಿದ್ದರು. ಫೋಟೋ ತೆಗೆಯುವವನು ಕರೆದಾಗ ಹೋಗಿ ನಿಂತರು. ವೇದಾ ಅವರ ಕೈ ಹಿಡಿದು, "ಈಗ ಮನಸ್ಸಿಗೆ ನೆಮ್ಮದಿ ಅಲ್ವಾ?" ಎಂದು ಜರ್ಮನ್‌ನಲ್ಲಿ ಕೇಳಿದಾಗ, "ಓಂ," ಎಂದರು.

ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಡುವ ಕೆಲಸ ಸುರಭಿಯದು. ಬೆಳ್ಳಿ ತಟ್ಟೆ ಹಿಡಿದು ಸಾಲು ಸಾಲಾಗಿ ಬಂದಳು. ತಟ್ಟೆ ಭಾರವಿರಲಿಲ್ಲ, ಆದರೂ ಮೊಣಕೈ ನೋಯುತ್ತಿತ್ತು. ಮುಂದಿನ ಸಾಲಿನಿಂದ ಅಜ್ಜಿ ಕತ್ತು ತಿರುಗಿಸಿ ನೋಡುತ್ತಿದ್ದುದು ಬೆನ್ನಿಗೇ ಗೊತ್ತಾಗುತ್ತಿತ್ತು. ತವಮಣಿಯ ಮುಂದೆ ಬಂದಾಗ ಅವಳ ಕಾಲು ನಿಂತಿತು. ಇಷ್ಟು ದಿನ ಹೇಳದೇ ಉಳಿದದ್ದನ್ನೆಲ್ಲ ಆ ತಟ್ಟೆಯಲ್ಲಿಟ್ಟು ಮುಂದೆ ಚಾಚಿದಳು. "ತಗೊಳ್ಳಿ ಆಂಟಿ," ಎನ್ನಬೇಕೆಂದಿದ್ದಳು. ಎರಡೇ ಮಾತು.

ತವಮಣಿ ತಟ್ಟೆ ನೋಡಿದರು, ಅವಳ ಮುಖ ನೋಡಿದರು. ಅಂಗೈಯಿಂದ ತಟ್ಟೆಯ ಅಂಚನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

"ಮುಂದಕ್ಕೆ ಹೋಗು," ಎಂದರು. ಪಿಳ್ಳೈ ಎನ್ನಲಿಲ್ಲ.

ಸುರಭಿ ಮುಂದಕ್ಕೆ ಹೋದಳು.